ನಮ್ಮ ಮಳೆ, ರಾಯಚೂರಿನ ಬೂದಿ

ಜುಲೈ–ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ನಮ್ಮಲ್ಲಿ ಜಡಿಮಳೆ ಹಿಡಿದು, ಘಟ್ಟದ ಮೇಲೆ ಹುಲಿಕಲ್, ನಗರ, ಹೊಸನಗರ ಕಡೆಯ ನೀರೆಲ್ಲ ವಾರಾಹಿಯ ಮಾಣಿ ಡ್ಯಾಮಿಗೂ ಶರಾವತಿಯ ಲಿಂಗನಮಕ್ಕಿಗೂ ಬಂದು ತುಂಬ್ತಾ ಇರುವಾಗ, ಇಲ್ಲಿಂದ ಐನೂರು ಕಿಲೋಮೀಟರಿನಷ್ಟು ದೂರ ಇರುವ ರಾಯಚೂರಿನ ಥರ್ಮಲ್ ಪ್ಲಾಂಟಿನಲ್ಲಿ, ಅಂದ್ರೆ ಸರ್ಕಾರ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವಲ್ಲಿ, ಒಂದೊಂದೇ ಬಾಯ್ಲರ್ ಆರಿಸ್ತಾರೆ. ಉಡುಪಿಯವರಿಗೆ ಇದು ಗೊತ್ತಿರುದಿಲ್ಲ. ನಮಗೆ ಮಳೆ ಅಂದ್ರೆ ಕರೆಂಟ್ ಹೋಗುದು, ಮರ ಬಿದ್ದು ಲೈನ್ ಕಟ್ ಆಗುದು, ಮೆಸ್ಕಾಂಗೆ ಫೋನ್ ಮಾಡುದು, ಅಷ್ಟೆ. ಆದ್ರೆ ಆ ಪ್ಲಾಂಟ್ ಇರುವ ಶಕ್ತಿನಗರದ ಕಂಟ್ರೋಲ್ ರೂಮಲ್ಲಿ ಕೂತವರಿಗೆ ನಮ್ಮ ಕಡೆಯ ಮಳೆ ಅಂದ್ರೆ ಡ್ಯೂಟಿ ಲೆಕ್ಕ. ನಾನು ಅಲ್ಲಿ ಹೊಸದಾಗಿ ಸೇರಿದಾಗ ಒಬ್ಬರು ಸೀನಿಯರ್ ಆಪರೇಟರ್ ಇದ್ದರು, ದೇವಸೂಗೂರಿನವರೇ, ನಾನು ರಜೆ ಮುಗಿಸಿ ಊರಿಂದ ವಾಪಸ್ ಬಂದ ಕೂಡಲೇ ಮೊದಲು ಕೇಳ್ತಿದ್ದದ್ದು ಮನೆಯವರ ಆರೋಗ್ಯ ಅಲ್ಲ, "ಸರ, ನಿಮ್ಮ ಕಡಿ ಮಳಿ ಹೆಂಗದ್ರಿ?" ಅಂತ. ಮಳೆ ಜೋರಿದ್ರೆ ನೀರಿನ ಕರೆಂಟೇ ಸಾಕಾಗಿ ಅಲ್ಲಿ ಯೂನಿಟ್, ಅಂದ್ರೆ ಒಂದು ಬಾಯ್ಲರ್ ಮತ್ತು ಅದರ ಟರ್ಬೈನ್, ನಿಲ್ಲಿಸ್ತಾರೆ, ನಿಲ್ಲಿಸಿದ್ರೆ ರಿಪೇರಿಗೆ ಕೈ ಹಾಕ್ಬಹುದು. ಮಳೆ ಕೈಕೊಟ್ರೆ ಎಂಟು ತಿಂಗಳು ಉಸಿರಾಡ್ಲಿಕ್ಕೂ ಬಿಡುವಿಲ್ಲ.

ಇದನ್ನೆಲ್ಲ ಈಗ ಬರೀಲಿಕ್ಕೆ ಕಾರಣ ನನ್ನ ತಮ್ಮನ ಮಗಳು. ಬೆಂಗಳೂರಲ್ಲಿ ಕೆಲಸ ಮಾಡ್ತಾಳೆ, ತಿಳುವಳಿಕೆ ಉಳ್ಳವಳು, ಮೊನ್ನೆ ಊರಿಗೆ ಬಂದಾಗ ಕೇಳಿದಳು, "ದೊಡ್ಡಪ್ಪ, ಸರ್ಕಾರದ ಥರ್ಮಲ್ ಪ್ಲಾಂಟ್ ವರ್ಷದಲ್ಲಿ ಎಷ್ಟೋ ದಿನ ಬಂದ್ ಇರ್ತದಂತಲ್ಲ, ಮತ್ತೆ ಯಾಕೆ ಇಟ್ಕೊಂಡಿದ್ದಾರೆ? ಮಾರಿ ಬಿಡ್ಲಿಕ್ಕೆ ಆಗುದಿಲ್ವಾ?" ಊಟದ ಹೊತ್ತಲ್ಲಿ ಎರಡು ಮಾತಲ್ಲಿ ಉತ್ತರ ಕೊಟ್ಟೆ, ಆದ್ರೆ ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಅದು, ಹಾಗಾಗಿ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಕೂತು ಬರೀತಾ ಇದ್ದೇನೆ.

ಮೊದಲು ಅದು ಹುಟ್ಟಿದ ಕಾರಣ ಹೇಳ್ಬೇಕು. ನಮ್ಮ ರಾಜ್ಯ ನೀರಿನ ಕರೆಂಟಿನ ರಾಜ್ಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದಲ್ಲಿಂದ ಶುರು, ಆಮೇಲೆ ಜೋಗ, ಶರಾವತಿ, ಕಾಳಿ. 1970ರಲ್ಲಿ ಕರೆಂಟ್ ಉತ್ಪಾದನೆಗೆ ಅಂತಲೇ ಒಂದು ನಿಗಮ ಮಾಡಿದರು, ಅದೇ ಇವತ್ತಿನ ಕೆಪಿಸಿ, ಕರ್ನಾಟಕ ವಿದ್ಯುತ್ ನಿಗಮ. ಶರಾವತಿ ಒಂದರಲ್ಲೇ 1035 ಮೆಗಾವ್ಯಾಟ್. ಎಷ್ಟು ಅಗ್ಗ ಅಂದ್ರೆ ಅಗ್ಗ, ನೀರಿಗೆ ದುಡ್ಡು ಕೊಡ್ಲಿಕ್ಕಿಲ್ಲ, ರೈಲು ಬಾಡಿಗೆ ಇಲ್ಲ, ಬೂದಿ ಇಲ್ಲ. ಆದ್ರೆ ಪೂರ್ತಿ ಆಕಾಶ ನೋಡ್ಕೊಂಡೇ ಬದುಕ್ಬೇಕು. ಒಂದು ಮುಂಗಾರು ತಪ್ಪಿದ್ರೆ ಮುಂದಿನ ಬೇಸಿಗೆಗೆ ಪವರ್ ಕಟ್, ಫ್ಯಾಕ್ಟರಿಗಳಿಗೆ ಅರ್ಧಕ್ಕರ್ಧ ಕಡಿತ, ಎಂಬತ್ತರ ದಶಕ ನೆನಪಿರುವವರಿಗೆಲ್ಲ ಇದು ಗೊತ್ತುಂಟು. ಸೀಮೆಎಣ್ಣೆ ಲ್ಯಾಂಪಿನ ಗ್ಲಾಸ್ ಒರೆಸಿ ಇಡುದು ಆಗ ಮನೆಮನೆಯ ಸಾಯಂಕಾಲದ ಕೆಲಸ.

ಹಾಗಾಗಿ ಮಳೆ ನಂಬದ ಒಂದು ಕರೆಂಟ್ ಬೇಕಿತ್ತು. ಆದ್ರೆ ಕರ್ನಾಟಕದ ನೆಲದಲ್ಲಿ ಕಬ್ಬಿಣ ಉಂಟು, ಚಿನ್ನ ಉಂಟು, ಕಲ್ಲಿದ್ದಲು ಒಂದು ಚೂರೂ ಇಲ್ಲ. ಎಲ್ಲಿಂದಲೋ ತರಬೇಕು. ರಾಯಚೂರು ಆರಿಸಿದ್ದಕ್ಕೆ ಕಾರಣ ಮ್ಯಾಪ್ ನೋಡಿದ್ರೆ ಅರ್ಥ ಆಗ್ತದೆ, ಮುಂಬೈ–ಚೆನ್ನೈ ರೈಲ್ವೆ ಲೈನ್ ಅಲ್ಲೇ ಹೋಗ್ತದೆ, ಕೃಷ್ಣಾ ನದಿ ಪಕ್ಕದಲ್ಲೇ ಉಂಟು, ಈಗಿನ ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಯೂ ಅಲ್ಲಿಗೆ ತೀರಾ ದೂರ ಅಲ್ಲ. ದೇವಸೂಗೂರಿನ ಹತ್ತಿರ ಶಕ್ತಿನಗರ ಅಂತ ಕಾಲನಿ ಎದ್ದಿತು, 1985ರ ಮಾರ್ಚಿನಲ್ಲಿ 210 ಮೆಗಾವ್ಯಾಟಿನ ಮೊದಲ ಯೂನಿಟ್ ಶುರುವಾಯ್ತು. ಮರುವರ್ಷ ಎರಡನೇದು, 1991ರಲ್ಲಿ ಮೂರನೇದು, 1994ರಲ್ಲಿ ನಾಲ್ಕು, 1999ರಲ್ಲಿ ಐದು ಮತ್ತು ಆರು, 2002ರಲ್ಲಿ ಏಳು, 2010ರಲ್ಲಿ 250 ಮೆಗಾವ್ಯಾಟಿನ ಎಂಟನೇದು. ಒಟ್ಟು 1720 ಮೆಗಾವ್ಯಾಟ್. ಆಮೇಲೆ ಬಳ್ಳಾರಿ ಹತ್ತಿರ ಕುಡಿತಿನಿ ಬಂತು, ಯರಮರಸ್ ಬಂತು, ಅವು ದೊಡ್ಡ ಯೂನಿಟ್‌ಗಳು, ಹೊಸ ಟೆಕ್ನಾಲಜಿ, ಆದ್ರೆ ಸುಮಾರು ಇಪ್ಪತ್ತು ವರ್ಷ ರಾಜ್ಯ ಸರ್ಕಾರದ ಕಲ್ಲಿದ್ದಲು ಕರೆಂಟ್ ಅಂದ್ರೆ ರಾಯಚೂರಿನ ಈ ಪ್ಲಾಂಟ್, ಆರ್‌ಟಿಪಿಎಸ್, ಒಂದೇ.

ನಾನು ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯಿಂದ ಹೊರಗೆ ಬಂದು ಅಲ್ಲಿ ಸೇರಿದ್ದು ಮೂರನೇ ಯೂನಿಟ್ ಬರುವ ಹೊತ್ತಿಗೆ. ಕರಾವಳಿಯ ಹುಡುಗರು ಸುಮಾರು ಜನ ಇದ್ದೆವು. ಕುಚ್ಚಲಕ್ಕಿ ಪಾರ್ಸೆಲ್, ಒಣಮೀನು ಪಾರ್ಸೆಲ್, ಯಾರ ಮನೆಯಿಂದ ಯಾರಾದ್ರೂ ಬಂದ್ರೆ ಎಲ್ಲರಿಗೂ ಹಂಚಿಕೆ. ಎಪ್ರಿಲ್, ಮೇಯಲ್ಲಿ ಬಿಸಿಲು ಅಂದ್ರೆ ಅದರ ಹೆಸರೇ ಬೇರೆ, ಹೊರಗೇ ನಲವತ್ತೆರಡು ನಲವತ್ಮೂರು ಡಿಗ್ರಿ, ಅದರ ಮೇಲೆ ಬಾಯ್ಲರ್ ಪಕ್ಕ ಹತ್ತಿ ಇಳಿಯಬೇಕು.

ನನ್ನ ತಮ್ಮನ ಮಗಳ ಹಾಗೆ ಕೇಳುವವರಿಗೆಲ್ಲ ಒಂದು ವಿಷಯ ಕಣ್ಣಿಗೆ ಕಟ್ಟುವ ಹಾಗೆ ಹೇಳ್ಬೇಕು ಅಂತ ನನಗೆ ಬಹಳ ಸಮಯದಿಂದ ಆಸೆ. ಥರ್ಮಲ್ ಯೂನಿಟ್ ಅಂದ್ರೆ ಸ್ವಿಚ್ ಒತ್ತಿ ಆನ್ ಮಾಡುವ ವಸ್ತು ಅಲ್ಲ. ಪೂರ್ತಿ ತಣ್ಣಗಾದ ಯೂನಿಟ್ಟನ್ನು ಮೇಲೆ ತರುದು ಒಂದು ಶಿಫ್ಟಿನಲ್ಲಿ ಮುಗಿಯುವ ಕೆಲಸ ಅಲ್ಲ, ರಾತ್ರಿ ಪಾಳಿಯವರು ಶುರು ಮಾಡಿದ್ದನ್ನು ಬೆಳಿಗ್ಗೆಯವರು ಮುಂದುವರಿಸ್ಬೇಕಾಗ್ತದೆ. ಮೊದಲು ಹೊಗೆ ಹೊರಗೆ ಎಳೆಯುವ ಐಡಿ ಫ್ಯಾನ್, ಗಾಳಿ ಒಳಗೆ ತಳ್ಳುವ ಎಫ್‌ಡಿ ಫ್ಯಾನ್ ಹಾಕಿ ಫರ್ನೇಸಿನೊಳಗೆ, ಅಂದ್ರೆ ಬಾಯ್ಲರಿನ ಒಲೆಯೊಳಗೆ, ಐದು ನಿಮಿಷ ಬರೀ ಗಾಳಿ ಓಡಿಸ್ತೇವೆ, ಒಳಗೆ ಎಲ್ಲಾದ್ರೂ ಉರಿಯುವ ಅನಿಲ ಉಳಿದಿದ್ರೆ ಹೊರಗೆ ಹೋಗ್ಲಿ ಅಂತ, ಇದಕ್ಕೆ ಪರ್ಜ್ ಅಂತಾರೆ, ಇದು ತಪ್ಪಿಸಿದ್ರೆ ಸ್ಫೋಟ. ಆಮೇಲೆ ಎಣ್ಣೆ ಚಿಮ್ಮಿಸಿ ಉರಿಸುವ ಆಯಿಲ್ ಗನ್ ಹಚ್ಚುದು, ಅದೇ ಲೈಟಪ್. ಕಲ್ಲಿದ್ದಲು ತಣ್ಣಗಿನ ಒಲೆಯಲ್ಲಿ ಹತ್ತಿಕೊಳ್ಳುದಿಲ್ಲ, ಮೊದಲು ಎಣ್ಣೆ ಬೆಂಕಿಯಲ್ಲಿ ಗಂಟೆಗಟ್ಟಲೆ ಬಿಸಿ ಮಾಡ್ಬೇಕು, ಅದೂ ನಿಧಾನಕ್ಕೆ, ಯಾಕಂದ್ರೆ ಬಾಯ್ಲರ್ ಡ್ರಮ್ಮಿನ ಗೋಡೆ ಅಷ್ಟು ದಪ್ಪ ಕಬ್ಬಿಣ, ಒಳಗೆ ಬೇಗ ಬಿಸಿಯಾಗಿ ಹೊರಗೆ ತಣ್ಣಗಿದ್ರೆ ಲೋಹ ತಡೆಯುದಿಲ್ಲ. ನಿಮಿಷಕ್ಕೆ ಒಂದೆರಡು ಡಿಗ್ರಿ, ಅಷ್ಟೆ. ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಉಂಟು, ಅಷ್ಟು ಎತ್ತರದ ಬಾಯ್ಲರನ್ನು ನೆಲದ ಮೇಲೆ ಕೂರಿಸಿರುದಿಲ್ಲ, ಮೇಲಿನ ಉಕ್ಕಿನ ತೊಲೆಗಳಿಂದ ತೂಗು ಹಾಕಿರ್ತಾರೆ, ಬಿಸಿ ಏರಿದ ಹಾಗೆ ಅದು ಇಂಚಿಂಚೇ ಕೆಳಗೆ ಹಿಗ್ಗುತ್ತದೆ. ಅಲ್ಲಲ್ಲಿ ಸ್ಕೇಲ್ ಮುಳ್ಳು ಇಟ್ಟಿರ್ತಾರೆ, ಸರಿಯಾಗಿ ಇಳಿಯುತ್ತಾ ಉಂಟಾ, ಎಲ್ಲಾದ್ರೂ ಸಿಕ್ಕಿಹಾಕಿಕೊಂಡಿದೆಯಾ ಅಂತ ಟಾರ್ಚ್ ಹಿಡ್ಕೊಂಡು ಹೋಗಿ ನೋಡಿ ಬರೆದುಕೊಂಡು ಬರ್ಬೇಕು.

ಫರ್ನೇಸಿನ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಇರ್ತದೆ. ನೀಲಿ ಗಾಜು ಕಣ್ಣಿಗೆ ಹಿಡಿದು ಅದರಲ್ಲಿ ಒಳಗೆ ನೋಡ್ಬೇಕು, ಬರಿಗಣ್ಣಲ್ಲಿ ನೋಡ್ಲಿಕ್ಕೆ ಆಗುದಿಲ್ಲ. ಎಣ್ಣೆ ಬೆಂಕಿ ಒಂದು ನಮೂನೆ, ಕಲ್ಲಿದ್ದಲು ಪುಡಿ ಹತ್ತಿಕೊಂಡ ಮೇಲಿನ ಬೆಂಕಿ ಇನ್ನೊಂದು ನಮೂನೆ, ನಾಲ್ಕು ಮೂಲೆಯಿಂದ ಬಂದ ಜ್ವಾಲೆ ನಡುವೆ ಸುತ್ತುತ್ತಾ ಮೇಲೆ ಹೋಗ್ತದೆ. ಪರದೆಯ ಮೇಲೆ ನಂಬರ್ ಎಲ್ಲ ಸರಿ ಉಂಟು ಅಂತ ತೋರಿಸಿದ್ರೂ ಹಳೆಯ ಆಪರೇಟರ್‌ಗಳು ಒಮ್ಮೆ ಆ ಕಿಂಡಿಯಲ್ಲಿ ನೋಡದೆ ನಂಬ್ತಿರಲಿಲ್ಲ. ಅವರು ಕಲಿಸಿದ್ದರಿಂದ ನಾನೂ ನಂಬ್ತಿರಲಿಲ್ಲ.

ಈ ಕಡೆ ಹಬೆಯಿಂದ ತಿರುಗುವ ಟರ್ಬೈನ್. ಅದು ನಿಂತಿರುವಾಗಲೂ ಪೂರ್ತಿ ನಿಂತಿರುದಿಲ್ಲ. ಬಿಸಿ ಇರುವ ರೋಟರ್, ಅಂದ್ರೆ ಅದರ ತಿರುಗುವ ಭಾಗ, ಸುಮ್ಮನೆ ಬಿದ್ದಿದ್ರೆ ತನ್ನ ಭಾರಕ್ಕೇ, ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿ ಉಳಿದು, ಕೂದಲೆಳೆಯಷ್ಟು ಬಗ್ಗುತ್ತದೆ, ಅಷ್ಟು ಬಗ್ಗಿದ್ರೂ ಸಾಕು, ಮುಂದೆ ತಿರುಗಿಸುವಾಗ ವೈಬ್ರೇಷನ್ ಬಂದು ಕೆಲಸ ಕೆಡ್ತದೆ. ಅದಕ್ಕೆ ಬ್ಯಾರಿಂಗ್ ಗೇರ್ ಹಾಕಿ ನಿಧಾನಕ್ಕೆ ತಿರುಗಿಸ್ತಾ ಇರ್ಬೇಕು, ಯೂನಿಟ್ ಬಂದ್ ಆಗಿ ದಿನ ಕಳೆದ್ರೂ. ಹಬೆಯ ಬಿಸಿ, ಪ್ರೆಶರ್ ಸಾಕಷ್ಟು ಬಂದ ಮೇಲೆ ರೋಲಿಂಗ್ ಶುರು, ಮೊದಲು ಕಡಿಮೆ ಸ್ಪೀಡಲ್ಲಿ ಕಾಯಿಸಿ, ಆಮೇಲೆ ಏರಿಸ್ತಾ ಏರಿಸ್ತಾ, ನಡುವೆ ಕೆಲವು ಸ್ಪೀಡುಗಳಲ್ಲಿ ನಿಲ್ಲಲೇ ಬಾರದು, ಬೇಗ ದಾಟಿಬಿಡ್ಬೇಕು, ಕೊನೆಗೆ ನಿಮಿಷಕ್ಕೆ 3000 ಸುತ್ತು. ಆಮೇಲೆ ಸಿಂಕ್ರೊನೈಸ್ ಮಾಡುದು, ಅಂದ್ರೆ ಕರೆಂಟ್ ಲೈನುಗಳ ದೊಡ್ಡ ಜಾಲ ಗ್ರಿಡ್, ಅದರ ತಾಳಕ್ಕೆ ಹೊಂದಿಸಿ ಜೋಡಿಸುದು. ಡೆಸ್ಕಿನ ಮೇಲೆ ಸಿಂಕ್ರೊಸ್ಕೋಪ್ ಅಂತ ಒಂದು ಗುಂಡಗಿನ ಮೀಟರ್, ಅದರ ಮುಳ್ಳು ನಿಧಾನಕ್ಕೆ ಗಡಿಯಾರದ ದಿಕ್ಕಲ್ಲಿ ತಿರುಗ್ತಾ ಇರ್ತದೆ, ಹನ್ನೆರಡರ ಗೆರೆಗೆ ಬರುವ ಹೊತ್ತಿಗೆ ಸರಿಯಾಗಿ ಬ್ರೇಕರ್, ಅಂದ್ರೆ ಜೋಡಿಸುವ ದೊಡ್ಡ ಸ್ವಿಚ್, ಹಾಕ್ಬೇಕು. ಆಗ ಕಂಟ್ರೋಲ್ ರೂಮಿನಲ್ಲಿ ಯಾರೂ ಮಾತಾಡುದಿಲ್ಲ. ಬ್ರೇಕರ್ ಕೂತ ಸದ್ದು ಕೇಳಿ, ಮೆಗಾವ್ಯಾಟ್ ಮೀಟರ್ ಸೊನ್ನೆಯಿಂದ ಅಲ್ಲಾಡಿ ಮೇಲೆ ಎದ್ದ ಕೂಡಲೇ ಎಲ್ಲರೂ ಒಟ್ಟಿಗೆ ಚಾ ಹೇಳ್ತಿದ್ದೆವು. ಅಲ್ಲಿಂದ ಒಂದೊಂದೇ ಕಲ್ಲಿದ್ದಲು ಮಿಲ್ ಸೇರಿಸಿ, ಲೋಡ್ ಏರಿಸಿ, ಎಣ್ಣೆ ತೆಗೆದು, ಬರೀ ಕಲ್ಲಿದ್ದಲಿನ ಮೇಲೆ ನಿಲ್ಲಿಸುವವರೆಗೆ ಮತ್ತೆ ಎಷ್ಟೋ ಹೊತ್ತು.

ಮುಂದೆ ನನಗೆ ವಾರಾಹಿಯ ನೀರಿನ ಕರೆಂಟ್ ಪ್ಲಾಂಟಿಗೆ ಟ್ರಾನ್ಸ್‌ಫರ್ ಆಯ್ತು. ಅದೇ ನಿಗಮ, ಆದ್ರೆ ಬೇರೆಯೇ ಲೋಕ. ಹೊಸಂಗಡಿಯಲ್ಲಿ ಬೆಟ್ಟದ ಹೊಟ್ಟೆಯೊಳಗೆ ಪವರ್ ಹೌಸ್, 1989ರಲ್ಲಿ ಶುರುವಾದದ್ದು, 2009ರಲ್ಲಿ ಇನ್ನೆರಡು ಯೂನಿಟ್ ಸೇರಿ ಈಗ 460 ಮೆಗಾವ್ಯಾಟ್. ಕುಂದಾಪುರ ಕಡೆಯವರಿಗೇ ಎಷ್ಟೋ ಜನಕ್ಕೆ ಅದು ಒಳಗೆ ಎಲ್ಲಿ ಉಂಟು ಅಂತ ಗೊತ್ತಿಲ್ಲ. ಯಾವ ಪ್ಲಾಂಟ್ ಎಷ್ಟು ಓಡ್ಬೇಕು ಅಂತ ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿಂದ ಫೋನ್ ಬಂದ್ರೆ ನೀರು ಬಿಟ್ಟು ಕೆಲವೇ ನಿಮಿಷದಲ್ಲಿ ಯೂನಿಟ್ ಗ್ರಿಡ್ಡಿಗೆ. ಬೇಡ ಅಂದ್ರೆ ಬಂದ್. ನೀರು ಅಲ್ಲೇ ಮೇಲೆ ಇರ್ತದೆ, ನಾಳೆಗೆ ಆಗ್ತದೆ. ಶಕ್ತಿನಗರದ ಬೆವರು ಕಂಡು ಬಂದವನಿಗೆ ಮೊದಮೊದಲು ಇದು ಕೆಲಸವೇ ಅಲ್ಲ ಅಂತ ಅನ್ನಿಸ್ತಿತ್ತು.

ಎರಡೂ ಕಡೆ ಕೂತು ನೋಡಿದ್ದರಿಂದ ನನಗೆ ಒಂದು ಮಾತು ಖಚಿತ ಆಗಿದೆ. ವಾರಾಹಿ, ಶರಾವತಿಗಳನ್ನು ಉಳಿಸಿ ಇಟ್ಟುಕೊಂಡು ಬೇಕಾದ ಹೊತ್ತಿಗೆ ಬಳಸುವ ಸೌಲಭ್ಯ ನಮ್ಮ ರಾಜ್ಯಕ್ಕೆ ಸಿಕ್ಕಿದ್ದೇ ರಾಯಚೂರು ಹಗಲು ರಾತ್ರಿ ಭಾರ ಹೊತ್ತದ್ದರಿಂದ. ಆರ್‌ಟಿಪಿಎಸ್ ಇಲ್ಲದಿದ್ರೆ ಡಿಸೆಂಬರಿಗೇ ಡ್ಯಾಮ್ ಖಾಲಿ ಮಾಡಿ ಮಾರ್ಚ್‌ನಲ್ಲಿ ಪರೀಕ್ಷೆ ಹೊತ್ತಿಗೆ ಮಕ್ಕಳನ್ನು ಕತ್ತಲೆಯಲ್ಲಿ ಕೂರಿಸ್ಬೇಕಿತ್ತು. ಈ ಲೆಕ್ಕ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣುದಿಲ್ಲ. ಪೇಪರಲ್ಲಿ ಬರುದು ಪಿಎಲ್‌ಎಫ್, ಅಂದ್ರೆ ಯೂನಿಟ್ಟಿನ ತಾಕತ್ತಿನಲ್ಲಿ ಎಷ್ಟು ಪಾಲು ಉತ್ಪಾದನೆ ಮಾಡಿತು ಅನ್ನುವ ಶೇಕಡಾವಾರು. ಅದು ಕಡಿಮೆ ಬಂದ ಕೂಡಲೇ "ಬಿಳಿಯಾನೆ" ಅಂತ ಹೆಡ್ಡಿಂಗ್. ಮಳೆ ಚೆನ್ನಾಗಿ ಆದ ವರ್ಷ ಕಡಿಮೆ ಬರಲೇಬೇಕಲ್ಲ! ನೀರಿನ ಕರೆಂಟ್ ಅಗ್ಗಕ್ಕೆ ಸಿಗುವಾಗ ಕಲ್ಲಿದ್ದಲು ಸುಡುದು ಯಾವ ಬುದ್ಧಿ? ನಿಲ್ಲಿಸು ಅಂದಾಗ ನಿಲ್ಲುದು, ಏಳು ಅಂದಾಗ ಏಳುದು, ಇದೇ ಅದರ ಕೆಲಸ, ಮತ್ತು ಅದು ಸರ್ಕಾರದ್ದಾದ್ದರಿಂದಲೇ ಹಾಗೆ ಕೇಳಲಿಕ್ಕೆ ಆಗ್ತದೆ. ಲಾಭಕ್ಕೆ ಹಾಕಿದ ಪ್ಲಾಂಟ್ ಆದ್ರೆ ಪ್ರತಿ ನಿಂತ ದಿನಕ್ಕೂ ಕರಾರು ಪತ್ರ ತೆಗೆದು ತೋರಿಸ್ತಾರೆ, ಅವರದ್ದೂ ತಪ್ಪಲ್ಲ, ಅವರ ವ್ಯವಹಾರ ಹಾಗೆ.

2023 ನೆನಪುಂಟಲ್ಲ. ಮುಂಗಾರು ಕೈಕೊಟ್ಟು ಇನ್ನೂರಕ್ಕೂ ಹೆಚ್ಚು ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು, ಲಿಂಗನಮಕ್ಕಿ ತುಂಬಲೇ ಇಲ್ಲ, ಬಾವಿ ಬತ್ತಿ ಪಂಪ್‌ಸೆಟ್ ಓಡಿಸುದು ಜಾಸ್ತಿ ಆಗಿ ಮಳೆಗಾಲದಲ್ಲೇ ಕರೆಂಟಿಗೆ ಬೇಡಿಕೆ ಏರಿತು. ಆಗ ಯಾರೂ ಬಿಳಿಯಾನೆ ಅನ್ನಲಿಲ್ಲ, ಕಲ್ಲಿದ್ದಲು ಎಷ್ಟು ದಿನಕ್ಕೆ ಸ್ಟಾಕ್ ಉಂಟು ಅಂತ ದಿನಾ ಸುದ್ದಿ.

ಕಲ್ಲಿದ್ದಲಿನ ಲೆಕ್ಕ ಹೇಳ್ತೇನೆ, ಇದು ಮನಸ್ಸಲ್ಲಿ ಇಟ್ಕೊಳ್ಳುವಂಥದ್ದು. ನಮ್ಮ ದೇಶದ ಕಲ್ಲಿದ್ದಲಲ್ಲಿ ಒಂದು ಯೂನಿಟ್ ಕರೆಂಟ್, ಅಂದ್ರೆ ಬಿಲ್ಲಿನಲ್ಲಿ ಲೆಕ್ಕ ಹಾಕುವ ಯೂನಿಟ್, ಮಾಡ್ಲಿಕ್ಕೆ ಸುಮಾರು 700 ಗ್ರಾಂ ಬೇಕು. 210 ಮೆಗಾವ್ಯಾಟಿನ ಒಂದು ಯೂನಿಟ್ ದಿನವಿಡೀ ಪೂರ್ತಿ ಲೋಡಲ್ಲಿ ಓಡಿದ್ರೆ 50 ಲಕ್ಷ ಯೂನಿಟ್ ಕರೆಂಟ್, ಅದಕ್ಕೆ ಸುಮಾರು 3500 ಟನ್ ಕಲ್ಲಿದ್ದಲು, ಅಂದ್ರೆ ಹೆಚ್ಚುಕಡಿಮೆ ಒಂದು ಇಡೀ ಗೂಡ್ಸ್ ರೈಲು, ನಾವು ರೇಕ್ ಅಂತೇವೆ. ಎಂಟೂ ಯೂನಿಟ್ ಓಡಿದ್ರೆ ದಿನಕ್ಕೆ ಎಂಟು ರೇಕ್. ಸಿಂಗರೇಣಿಯಿಂದ, ಮಹಾರಾಷ್ಟ್ರದ ಗಣಿಗಳಿಂದ, ಒಡಿಶಾದ ತಾಲ್ಚೇರಿಂದ. ರೈಲ್ವೆಯಲ್ಲಿ ಎಲ್ಲೋ ಒಂದು ಕಡೆ ತಡೆ ಆದ್ರೆ ಪ್ಲಾಂಟಿನಲ್ಲಿ ಕಲ್ಲಿದ್ದಲು ತುಂಬುವ ಬಂಕರ್ ಖಾಲಿ. ಗಣಿ ಕಡೆ ಮಳೆ ಜೋರಾಗಿ ಒದ್ದೆ ಕಲ್ಲಿದ್ದಲು ಬಂದ್ರೆ ವ್ಯಾಗನ್ ಟಿಪ್ಲರ್ ಕವುಚಿ ಹಾಕಿದ್ರೂ ಅಂಟಿಕೊಂಡು ಬೀಳುದಿಲ್ಲ, ಫೀಡರಿನಲ್ಲಿ ಕಟ್ಟಿಕೊಳ್ತದೆ, ಆಗ ಕಬ್ಬಿಣದ ಸಲಾಕೆ ಹಿಡಿದು ತಿವಿದು ಬೀಳಿಸುವ ಕಾಂಟ್ರಾಕ್ಟ್ ಕೆಲಸದವರೇ ರಾಜ್ಯದ ಲೈಟ್ ಉಳಿಸುವವರು, ಇದನ್ನು ನಾನು ಉತ್ಪ್ರೇಕ್ಷೆಗೆ ಹೇಳ್ತಾ ಇಲ್ಲ. ಸುತ್ತಲಿನ ಹಳ್ಳಿಯವರು, ಮುಖಕ್ಕೆ ಟವೆಲ್ ಸುತ್ತಿಕೊಂಡು, ಕಣ್ಣು ಮಾತ್ರ ಬೆಳ್ಳಗೆ ಕಾಣ್ತಿತ್ತು.

ಮತ್ತೆ ಬೂದಿ. ನಮ್ಮ ದೇಶದ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಅದು ಒಳ್ಳೇದು, ಆದ್ರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೂದಿಯೇ. ಎಂಟು ರೇಕ್ ಕಲ್ಲಿದ್ದಲು ಒಳಗೆ ಹೋದ್ರೆ ಹತ್ತು ಸಾವಿರ ಟನ್ನಿನಷ್ಟು ಬೂದಿ ಹೊರಗೆ ಬರ್ತದೆ, ಪ್ರತಿ ದಿನ. ಗೃಹಜ್ಯೋತಿಯಲ್ಲಿ ನಾವು ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಇಲ್ಲದೆ ಬಳಸ್ತೇವಲ್ಲ, ಅಷ್ಟೂ ಕಲ್ಲಿದ್ದಲಿಂದಲೇ ಬಂದದ್ದಾದ್ರೆ 140 ಕೆಜಿ ಕಲ್ಲಿದ್ದಲು ಸುಟ್ಟು ಒಂದು ಸಿಮೆಂಟ್ ಚೀಲದಷ್ಟು ಬೂದಿ ಯಾರದ್ದೋ ಊರಲ್ಲಿ ಬಿದ್ದಿದೆ ಅಂತ ಅರ್ಥ. ಮನೆಗೊಂದು ಚೀಲ, ತಿಂಗಳಿಗೊಂದು ಚೀಲ. ಇಎಸ್‌ಪಿ ಅಂತ ಯಂತ್ರ ಉಂಟು, ಹೊಗೆಯಲ್ಲಿರುವ ಬೂದಿಯನ್ನು ಹೈ ವೋಲ್ಟೇಜ್ ಪ್ಲೇಟುಗಳಿಗೆ ಅಂಟಿಸಿ ಹಿಡಿದು ಕೆಳಗೆ ಉದುರಿಸ್ತದೆ. ಒಣ ಹಾರುಬೂದಿ ಸಿಮೆಂಟ್ ಫ್ಯಾಕ್ಟರಿಗೆ, ಇಟ್ಟಿಗೆಗೆ ಹೋಗ್ತದೆ, 1999ರಿಂದ ಕೇಂದ್ರದ ನಿಯಮವೇ ಉಂಟು ಬಳಸಲೇಬೇಕು ಅಂತ. ಉಳಿದದ್ದನ್ನು ನೀರಲ್ಲಿ ಕಲಸಿ ಪೈಪಲ್ಲಿ ಬೂದಿ ಹೊಂಡಕ್ಕೆ. ಬೇಸಿಗೆಯಲ್ಲಿ ಹೊಂಡದ ಮೇಲ್ಪದರ ಒಣಗಿ ಗಾಳಿ ಎದ್ದರೆ ಅದು ಹೊಲದ ಮೇಲೆ, ಮನೆಯ ಮೇಲೆ. ಸುತ್ತಲಿನ ಹಳ್ಳಿಯವರು ವರ್ಷಗಳಿಂದ ಇದನ್ನೇ ಹೇಳ್ತಾ ಬಂದಿದ್ದಾರೆ, ಹತ್ತಿ ಬೆಳೆಯ ಮೇಲೆ ಬೂದಿ, ಕುಡಿಯುವ ನೀರಿನ ಮೇಲೆ ಬೂದಿ ಅಂತ. ನಾನು ಅಲ್ಲಿ ಸಂಬಳ ತೆಗೆದುಕೊಂಡವನು, ಆದ್ರೂ ಹೇಳ್ತೇನೆ, ಅವರು ಹೇಳುದು ಸರಿ.

ಇಲ್ಲಿ ನಮ್ಮ ಊರಿನ ಕಥೆ ತರಲೇಬೇಕು. ಪಡುಬಿದ್ರಿ ಹತ್ತಿರದ ನಂದಿಕೂರಿನಲ್ಲಿ ಕಲ್ಲಿದ್ದಲು ಪ್ಲಾಂಟ್ ಅಂತ ಮಾತು ಬಂದಾಗ ನಮ್ಮವರು ಸುಮ್ಮನೆ ಕೂರಲಿಲ್ಲ. ತೊಂಬತ್ತರ ದಶಕದಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿ ಬಂತು, ಮೆರವಣಿಗೆ, ಕೋರ್ಟು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಚರ್ಚೆ, ಕೊನೆಗೆ 1999ರ ಡಿಸೆಂಬರಿನಲ್ಲಿ ಅದು ಕೈಬಿಟ್ಟು ಹೋಯ್ತು. ಆಮೇಲೆ ಬೇರೆ ಕಂಪೆನಿ ಬಂತು, ವಿರೋಧ ಇದ್ದರೂ ಅಲ್ಲೇ ಹತ್ತಿರದ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಯೂನಿಟ್ ಎದ್ದಿತು, 2010ರಲ್ಲಿ ಒಂದು, 2012ರಲ್ಲಿ ಇನ್ನೊಂದು, 2015ರಲ್ಲಿ ಅದು ಅದಾನಿ ಕೈಗೆ ಹೋಯ್ತು. ಪಣಂಬೂರು ಬಂದರಿನಲ್ಲಿ ಇಳಿದ ವಿದೇಶಿ ಕಲ್ಲಿದ್ದಲು ರೈಲಲ್ಲಿ ಅಲ್ಲಿಗೆ ಬರ್ತದೆ, ತಣ್ಣಗೆ ಮಾಡ್ಲಿಕ್ಕೆ ಸಮುದ್ರದ ನೀರು. ಪಡುಬಿದ್ರಿ ದಾಟುವಾಗ ಚಿಮಣಿ ಎಲ್ಲರಿಗೂ ಕಾಣ್ತದೆ. ಮಲ್ಲಿಗೆ ಕೃಷಿಯವರು, ಭತ್ತ ಬೆಳೆಯುವವರು, ಬಾವಿ ನೀರು ಉಪ್ಪಾಯ್ತು ಅಂದವರು, ಎಷ್ಟು ದೂರು, ಎಷ್ಟು ಹೋರಾಟ. ಆ ಹೋರಾಟ ಮಾಡಿದವರ ಮೇಲೆ ನನಗೆ ಗೌರವ ಉಂಟು, ನಮ್ಮ ಮಲ್ಲಿಗೆಗೂ ಬಾವಿಗೂ ಅವರು ಮಾತಾಡದಿದ್ರೆ ಯಾರು ಮಾತಾಡ್ತಿದ್ದರು?

ಆದ್ರೆ ಅದೇ ವರ್ಷಗಳಲ್ಲಿ, ನಾವು ನಂದಿಕೂರು ಬೇಡ ಬೇಡ ಅಂತ ಕೂಗುವ ಸಭೆಗಳ ಮೈಕಿಗೆ ಕರೆಂಟ್ ಎಲ್ಲಿಂದ ಬರ್ತಿತ್ತು? ಮಳೆಗಾಲ ಆದ್ರೆ ಶರಾವತಿ, ಬೇಸಿಗೆ ಆದ್ರೆ ದೊಡ್ಡದೊಂದು ಪಾಲು ಶಕ್ತಿನಗರ. ರಾಯಚೂರಿನ ಬೂದಿ ಬಗ್ಗೆ ಕರಾವಳಿಯಲ್ಲಿ ಒಂದೇ ಒಂದು ಸಭೆ ಆದದ್ದು ನನಗೆ ನೆನಪಿಲ್ಲ. ಅಲ್ಲಿಯವರಿಗೆ ನಮ್ಮಷ್ಟು ಪತ್ರಿಕೆಗಳು ಇರಲಿಲ್ಲ, ನಮ್ಮಷ್ಟು ಕಾಲೇಜುಗಳು ಇರಲಿಲ್ಲ, ಮುಂಬೈ ದುಬೈಯಿಂದ ಹೋರಾಟಕ್ಕೆ ದುಡ್ಡು ಕಳಿಸುವ ನೆಂಟರು ಇರಲಿಲ್ಲ. ಕರೆಂಟ್ ಕಂಬ ಮನೆ ಮುಂದೆ ಇದ್ದೂ ಹೆಚ್ಚು ಹೊತ್ತು ಲೈಟ್ ಇಲ್ಲದ ಹಳ್ಳಿಗಳನ್ನು ನಾನು ಆ ಜಿಲ್ಲೆಯಲ್ಲಿ ಕಂಡಿದ್ದೇನೆ, ರಾತ್ರಿ ಅಲ್ಲಿಂದ ನೋಡಿದ್ರೆ ದೂರದಲ್ಲಿ ಪ್ಲಾಂಟಿನ ದೀಪ ಮಾತ್ರ ಹೊಳೀತಾ ಇರ್ತಿತ್ತು. ನಮ್ಮ ಬಾವಿಗೆ ಆಗುವ ತೊಂದರೆ ಪರಿಸರದ ಪ್ರಶ್ನೆ, ಅವರ ಹೊಲಕ್ಕೆ ಆಗುವ ತೊಂದರೆ ಅಭಿವೃದ್ಧಿಯ ಖರ್ಚು, ಹೀಗೆ ಆಗಬಾರದು ಅಂತ ನನ್ನ ಅನಿಸಿಕೆ. ನಂದಿಕೂರಿಗೆ ಮಾತಾಡಿದ ಬಾಯಲ್ಲೇ ಶಕ್ತಿನಗರಕ್ಕೂ ಮಾತಾಡ್ಬೇಕು.

ಹೊಗೆಯ ವಿಷಯದಲ್ಲಿ 2015ರ ಡಿಸೆಂಬರಿನಲ್ಲಿ ಕೇಂದ್ರ ಹೊಸ ಮಿತಿಗಳನ್ನು ತಂತು, ಗಂಧಕ ತೆಗೆಯುವ ಯಂತ್ರ ಹಾಕ್ಬೇಕು ಅಂತ, ಗಡುವು ಮುಂದೆ ಮುಂದೆ ಹೋಗ್ತಾ ಬಂತು. ಆ ಬಗ್ಗೆ ಈಗ ಹೆಚ್ಚು ಬರೀಲಿಕ್ಕೆ ಹೋಗುದಿಲ್ಲ.

ಈಗ ಇನ್ನೊಂದು ಬದಲಾವಣೆ ಆಗಿದೆ, ಅದು ನನ್ನ ಕಾಲದವರಿಗೆ ಕಲ್ಪನೆಯಲ್ಲೂ ಇರಲಿಲ್ಲ. ನಾನು ಸೇರಿದ ಕಾಲದಲ್ಲಿ ದಕ್ಷಿಣದ ಗ್ರಿಡ್ ಯಾವಾಗಲೂ ಹಸಿದೇ ಇರ್ತಿತ್ತು, 50 ಹರ್ಟ್ಸ್ ಇರ್ಬೇಕಾದ ಫ್ರೀಕ್ವೆನ್ಸಿ 48ರ ಹತ್ತಿರ ಇಳಿದಿರ್ತಿತ್ತು, ಟರ್ಬೈನಿನ ಸದ್ದಿನಲ್ಲೇ ಗೊತ್ತಾಗ್ತಿತ್ತು. ಎಷ್ಟು ಕೊಟ್ರೂ ಸಾಲದು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೋಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಸೇರಿತು, ಅದೂ ರಾಯಚೂರಿನಿಂದಲೇ ನೋಡಿ. ಆಮೇಲೆ ಸೋಲಾರ್ ಬಂತು. ಪಾವಗಡದಲ್ಲಿ 2050 ಮೆಗಾವ್ಯಾಟ್, ಬೇರೆ ಕಡೆ ಬೇರೆ. ಹಗಲು ಹನ್ನೊಂದರಿಂದ ಮೂರರವರೆಗೆ ಬಿಸಿಲಿನ ಕರೆಂಟ್ ತುಂಬಿ ತುಳುಕ್ತದೆ, ಥರ್ಮಲ್‌ಗೆ ಲೋಡ್ ಇಳಿಸು ಅಂತ ಆರ್ಡರ್, ಸೂರ್ಯ ಇಳಿದು ಮನೆಮನೆಯಲ್ಲಿ ಲೈಟ್, ಮಿಕ್ಸಿ, ಗೀಸರ್ ಶುರುವಾಗುವ ಹೊತ್ತಿಗೆ ಏರಿಸು ಅಂತ ಆರ್ಡರ್. ಮೊದಲು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಇಳಿದು ಏರುತ್ತಿದ್ದದ್ದು ಈಗ ದಿನಾ. ಹಗಲೂ ರಾತ್ರಿಯೂ ಒಂದೇ ಹದದಲ್ಲಿ ಓಡ್ಲಿಕ್ಕೆ ಮಾಡಿದ ಯಂತ್ರ ಅದು. ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬೆಂಕಿ ಸ್ಥಿರ ನಿಲ್ಲುದು ಕಷ್ಟ, ಮತ್ತೆ ಎಣ್ಣೆ ಕೊಡ್ಬೇಕು. ಬಿಸಿ ತಣ್ಣಗೆ ಬಿಸಿ ತಣ್ಣಗೆ ಆಗಿ ಆಗಿ ಬಾಯ್ಲರ್ ಟ್ಯೂಬುಗಳ ವೆಲ್ಡಿಂಗ್ ಸೋಲ್ತದೆ. ಟ್ಯೂಬ್ ಲೀಕ್ ಆದ್ರೆ ಯೂನಿಟ್ ಬಂದ್ ಮಾಡಿ, ತಣ್ಣಗಾಗ್ಲಿಕ್ಕೆ ಕಾದು, ಒಳಗೆ ಹಲಗೆ ಕಟ್ಟಿ, ವೆಲ್ಡರ್ ಮಲಗಿಕೊಂಡು ಕನ್ನಡಿ ಹಿಡಿದು ಹಿಂಬದಿ ವೆಲ್ಡ್ ಮಾಡ್ಬೇಕು. ದೇಶದ ಯಾವ ಹಳೆಯ ಕಲ್ಲಿದ್ದಲು ಪ್ಲಾಂಟಿಗೆ ಹೋಗಿ ಕೇಳಿದ್ರೂ ಮೊದಲ ದೂರು ಇದೇ ಬರ್ತದೆ.

ಹಾಗಾದ್ರೆ ಮಾರುದಾ, ಮುಚ್ಚುದಾ, ಇಟ್ಕೊಳ್ಳುದಾ?

ಮಾರುದು ಬೇಡ, ಇದರಲ್ಲಿ ನನಗೆ ಸಂಶಯ ಇಲ್ಲ. ನಿಂತು ಕಾಯುವ ಕೆಲಸಕ್ಕೆ ಇಟ್ಟದ್ದನ್ನು ಓಡಿದಷ್ಟೇ ದುಡ್ಡು ಅನ್ನುವವರ ಕೈಗೆ ಕೊಟ್ರೆ ಮಳೆ ಬಾರದ ವರ್ಷ ಅವರು ಹೇಳಿದ್ದೇ ರೇಟು. ಹಾಗಂತ ಶಾಶ್ವತ ಇಟ್ಕೊಳ್ಳಿ ಅಂತಲೂ ನಾನು ಹೇಳುದಿಲ್ಲ, ಆ ಕಂಟ್ರೋಲ್ ರೂಮಿನ ಮೇಲೆ ನನಗೆ ಎಷ್ಟು ಪ್ರೀತಿ ಇದ್ರೂ. ಮೊದಲ ಯೂನಿಟ್ಟಿಗೆ 40 ವರ್ಷ ದಾಟಿದೆ. ಮೂರು ಪಾಲು ಕಲ್ಲಿದ್ದಲು ಸುಟ್ಟರೆ ಹೆಚ್ಚುಕಡಿಮೆ ಒಂದು ಪಾಲಿನ ಶಕ್ತಿ ಮಾತ್ರ ಕರೆಂಟ್ ಆಗುದು, ಅದರಲ್ಲೂ ನೂರಕ್ಕೆ ಎಂಟೊಂಬತ್ತು ಪಾಲು ಅದರ ಫ್ಯಾನು, ಪಂಪು, ಮಿಲ್ಲುಗಳೇ ತಿಂತವೆ. ಹಳೆಯ ಯೂನಿಟ್‌ಗಳನ್ನು ಒಂದೊಂದಾಗಿ ನಿಲ್ಲಿಸುವ ಕಾಲ ಬರ್ತದೆ, ಬರಲಿ. ಆದ್ರೆ ನಿಲ್ಲಿಸುವ ಮೊದಲು ಅಲ್ಲಿ ಏನೇನು ಉಂಟು ಅಂತ ಒಮ್ಮೆ ನೋಡ್ಬೇಕು. ಸ್ವಿಚ್‌ಯಾರ್ಡ್ ಉಂಟು, ಎಲ್ಲ ದಿಕ್ಕಿಗೂ ಹೋಗುವ ದೊಡ್ಡ ಲೈನುಗಳು ಉಂಟು, ಜಾಗ ಉಂಟು, ನೀರುಂಟು, ಬಿಸಿಲಂತೂ ಬೇಕಾದಷ್ಟು. ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ತುಂಬಿಸಿ ಇಡುವ ಬ್ಯಾಟರಿಗಳನ್ನು ಹಾಕ್ಲಿಕ್ಕೆ ಇದಕ್ಕಿಂತ ತಯಾರಾದ ಜಾಗ ರಾಜ್ಯದಲ್ಲಿ ಎಲ್ಲಿ ಸಿಗ್ತದೆ? ಹೊಸ ಊರಿನಲ್ಲಿ ಹೊಸ ರೈತರ ಜಮೀನು ಕೇಳುದಕ್ಕಿಂತ ಮೊದಲೇ ಕೊಟ್ಟವರ ಜಮೀನಲ್ಲೇ ಮುಂದಿನ ಕೆಲಸವೂ ಆಗ್ಲಿ, ಮತ್ತು ಆ ಕೆಲಸ ಮೊದಲು ಸಲಾಕೆ ಹಿಡಿದು ಕಲ್ಲಿದ್ದಲು ಬೀಳಿಸಿದವರ ಮಕ್ಕಳಿಗೆ ಸಿಗ್ಲಿ. ಪರ್ಮನೆಂಟ್ ನೌಕರರಿಗೆ ಟ್ರಾನ್ಸ್‌ಫರ್ ಉಂಟು, ಪೆನ್ಶನ್ ಉಂಟು, ನನಗೆ ಸಿಕ್ಕಿತು. ಕಾಂಟ್ರಾಕ್ಟ್‌ನವರಿಗೆ ಗೇಟ್ ಪಾಸ್ ವಾಪಸ್ ಕೊಟ್ಟ ದಿನ ಎಲ್ಲ ಮುಗೀತು.

ಬೂದಿ ಹೊಂಡಗಳು ಮಾತ್ರ ಯೂನಿಟ್ ನಿಂತ ಮೇಲೂ ಅಲ್ಲೇ ಇರ್ತವೆ. ಅವನ್ನು ಖಾಲಿ ಮಾಡ್ಬೇಕು, ಉಳಿದದ್ದರ ಮೇಲೆ ಮಣ್ಣು ಹಾಕಿ ಗಿಡ ಹಿಡಿಸ್ಬೇಕು, ಸುತ್ತಲಿನ ಬೋರ್‌ವೆಲ್ ನೀರು ಪರೀಕ್ಷೆ ಮಾಡಿ ಫಲಿತಾಂಶ ಪಂಚಾಯತ್ ಗೋಡೆಯ ಮೇಲೆ ಬರೀಬೇಕು, ಇದಕ್ಕೆಲ್ಲ ತುಂಬಾ ದುಡ್ಡು ಬೇಕು. ಆ ದುಡ್ಡನ್ನು ಕರೆಂಟ್ ರೇಟಿನಲ್ಲೇ ಸೇರಿಸಿ ನಮ್ಮಿಂದಲೇ ವಸೂಲಿ ಮಾಡುದು ನ್ಯಾಯ ಅಂತ ನಾನು ನನ್ನ ತಮ್ಮನ ಮಗಳಿಗೆ ಹೇಳಿದೆ. "ಅಂದ್ರೆ ಮಂಗಳೂರು, ಉಡುಪಿಯವರ ಬಿಲ್ಲಲ್ಲಾ?" ಅಂತ ಕೇಳಿದಳು. ಹೌದು, ನಮ್ಮ ಬಿಲ್ಲಲ್ಲಿ, ಬೆಂಗಳೂರಿನ ಅವಳ ಬಿಲ್ಲಲ್ಲಿ, ಯೂನಿಟ್‌ಗೆ ಇಷ್ಟು ಪೈಸೆ ಅಂತ ಬೇರೆಯೇ ಒಂದು ಸಾಲು ಪ್ರಿಂಟ್ ಆಗಿ ಬರಲಿ, ಯಾವ ಊರಿನ ಬೂದಿಗೆ ಅಂತ ಊರಿನ ಹೆಸರೂ ಅದರಲ್ಲಿ ಇರಲಿ. ನಾನು ಕಟ್ಟಲಿಕ್ಕೆ ತಯಾರಿದ್ದೇನೆ, ಓದಿದವರು ನಿಮಗೆ ಏನು ಅನ್ನಿಸ್ತದೆ ಹೇಳಿ.